ಕೈ ಮೇಲೆತ್ತಿದ ಹೆಂಗಸಿನ ರೇಖಾಚಿತ್ರ: ಮೈಕಟ್ಟು ಎಲ್ಲಿ ತಪ್ಪಿದೆ, ಡೀಟೇಲ್ ಎಲ್ಲಿ ಬೇಕು?

ಏಲಕ್ಕಿ (ಸಕಲೇಶಪುರ)

ಎಲ್ಲರಿಗೂ ನಮಸ್ಕಾರ. ಕಾಫಿ ಕೊಯ್ಲಿನ ಬಗ್ಗೆ ಮಕ್ಕಳಿಗಾಗಿ ಒಂದು ಚಿತ್ರಕಥೆ ಮಾಡುತ್ತಿದ್ದೇನೆ. ಬಣ್ಣ ಇಲ್ಲ, ಬರೀ ಕಪ್ಪು ಗೆರೆ. ಮುಖ್ಯ ಪಾತ್ರ ಗಿರಿಜಕ್ಕ. ಹಣ್ಣು ಬಿಡಿಸುವ ಹೆಂಗಸು, ವಯಸ್ಸು ನಲವತ್ತರ ಆಸುಪಾಸು. ಸೀರೆ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಗೆ ಟವೆಲು, ಸೊಂಟಕ್ಕೆ ಕಟ್ಟಿದ ಚೀಲ. ನಮ್ಮ ಕಡೆ ತೋಟಕ್ಕೆ ಹೋಗುವವರು ಹೇಗಿರುತ್ತಾರೋ ಹಾಗೇ.

ಈ ಚಿತ್ರದಲ್ಲಿ ಆಕೆ ಎಡಗೈಯಲ್ಲಿ ಮೇಲಿನ ರೆಂಬೆ ಬಗ್ಗಿಸಿ ಹಿಡಿದು, ಬಲಗೈಯಲ್ಲಿ ಹಣ್ಣು ಬಿಡಿಸುತ್ತಿದ್ದಾಳೆ. ಪರಿಚಯದವರಿಗೆ ತೋರಿಸಿದೆ. ಒಬ್ಬರು "ಸೂಪರ್" ಅಂದರು. ಇನ್ನೊಬ್ಬರು "ಏನೋ ಸರಿ ಕಾಣ್ತಿಲ್ಲ, ಡೀಟೇಲ್ ಸಾಲದು" ಅಂದರು. ಸರಿ ಅಂತ ಅಂಗಿ ತುಂಬಾ ಮಡಿಕೆ ಎಳೆದೆ, ಕೂದಲಿಗೆ ಗೆರೆ ಹಾಕಿದೆ, ಹಿಂದೆ ಎಲೆ ತುಂಬಿಸಿದೆ. ಕೆಲಸ ಜಾಸ್ತಿ ಆದಷ್ಟೂ ಚಿತ್ರ ಸಪ್ಪೆ ಆಗುತ್ತಿದೆ. ಎಲ್ಲಿ ತಪ್ಪಿದೆ, ಯಾಕೆ ತಪ್ಪಿದೆ ಅಂತ ಬಿಡಿಸಿ ಹೇಳುತ್ತೀರಾ? ಇಂಕ್ ಮಾಡಿದ್ದರ ಜೊತೆ ಪೆನ್ಸಿಲ್ ಸ್ಕೆಚ್ಚೂ ಹಾಕಿದ್ದೇನೆ.

ಡ್ರಾಯಿಂಗ್ ಮೇಷ್ಟ್ರು (ಅರಸೀಕೆರೆ)

ಪೆನ್ಸಿಲ್ ಸ್ಕೆಚ್ ಹಾಕಿದ್ದು ಬಹಳ ಒಳ್ಳೆಯದಾಯಿತಮ್ಮ. ಇಂಕ್ ಆದ ಚಿತ್ರ ಒಂದೇ ಕೊಟ್ಟರೆ ನೀನು ಏನು ಯೋಚನೆ ಮಾಡಿದೆ ಅಂತ ನೋಡುವವರಿಗೆ ಗೊತ್ತಾಗುವುದಿಲ್ಲ.

ಮೊದಲು ಅಳತೆ. ನಿಂತ ದೊಡ್ಡವರ ಎತ್ತರ ಸುಮಾರು ಏಳೂವರೆ ತಲೆ. ಚಿತ್ರದಲ್ಲಿ ಸ್ವಲ್ಪ ಚೆಂದ ಕಾಣಲಿ ಅಂತ ಎಂಟು ತಲೆ ಇಡುವವರೂ ಇದ್ದಾರೆ. ನಿನ್ನ ಗಿರಿಜಕ್ಕ ಆರಕ್ಕೇ ನಿಂತಿದ್ದಾಳೆ. ಕಾರಣ ಆ ಟವೆಲು. ಟವೆಲು ಸೇರಿಸಿ ತಲೆ ಅಂದುಕೊಂಡು ಅದರೊಳಗೆ ಮುಖವನ್ನೂ ದೊಡ್ಡದು ಮಾಡಿದ್ದೀಯ. ಟವೆಲಿನ ಒಳಗೆ ನೆತ್ತಿ ಎಲ್ಲಿದೆ ಅಂತ ಪೆನ್ಸಿಲಲ್ಲಿ ಮೊದಲು ಗುರುತು ಹಾಕು. ನೆತ್ತಿಗೂ ಗಲ್ಲಕ್ಕೂ ನಡುಮಧ್ಯೆ ಕಣ್ಣಿನ ಗೆರೆ ಬರಬೇಕು. ನಿನ್ನದರಲ್ಲಿ ಕಣ್ಣು ಮೇಲೆ ಹೋಗಿ ಹಣೆ ಕಿರಿದಾಗಿದೆ.

ಇನ್ನೊಂದು, ನಿಂತ ದೇಹದ ಅರ್ಧ ಬರುವುದು ತೊಡೆಸಂದಿನ ಹತ್ತಿರ. ಸೊಂಟದ ಹತ್ತಿರ ಅಲ್ಲ. ಸೀರೆ ಉಟ್ಟವರನ್ನು ಬರೆಯುವಾಗ ಸುಮಾರು ಜನ ಸೊಂಟದ ಕಟ್ಟನ್ನೇ ಅರ್ಧ ಅಂದುಕೊಳ್ಳುತ್ತಾರೆ. ಆಗ ಮೇಲ್ಮೈ, ಅಂದರೆ ಸೊಂಟದ ಮೇಲಿನ ಭಾಗ, ಉದ್ದ ಆಗಿ ಕಾಲು ಗಿಡ್ಡ ಆಗುತ್ತದೆ.

ಬಳಪದಕಲ್ಲು (ಬೇಲೂರು)

ಮೇಷ್ಟ್ರು ಅಳತೆ ಹೇಳಿದರು. ನಾನು ಭಾರದ ಬಗ್ಗೆ ಹೇಳುತ್ತೇನೆ. ಈ ಚಿತ್ರದ ಸಪ್ಪೆತನಕ್ಕೆ ಅದೇ ಕಾರಣ ಅಂತ ನನಗೆ ಅನಿಸುತ್ತದೆ.

ಏಲಕ್ಕಿ ಅವರೇ, ನಿಮ್ಮ ಗಿರಿಜಕ್ಕನ ಎರಡು ಪಾದದ ಮೇಲೂ ಸಮ ಭಾರ ಇದೆ. ಸೊಂಟ ಮಟ್ಟ, ಭುಜ ಮಟ್ಟ. ಕೈ ಮಾತ್ರ ಮೇಲೆ ಹೋಗಿದೆ. ಯಾರೂ ಹಾಗೆ ನಿಂತು ರೆಂಬೆ ಬಗ್ಗಿಸುವುದಿಲ್ಲ. ನೀವೇ ಎದ್ದು ನಿಂತು ಎಡಗೈ ಮೇಲೆತ್ತಿ ಏನನ್ನಾದರೂ ಕೆಳಕ್ಕೆ ಎಳೆದು ನೋಡಿ. ಬಲಗಾಲು ಊರಿಕೊಳ್ಳುತ್ತದೆ. ಬಲ ಸೊಂಟ ಮೇಲೇಳುತ್ತದೆ. ಎಡ ಮಂಡಿ ತಾನಾಗಿ ಸಡಿಲ ಆಗುತ್ತದೆ. ಎಡ ಪಕ್ಕೆ ಪೂರ್ತಿ ಬಿಚ್ಚಿಕೊಳ್ಳುತ್ತದೆ, ಬಲ ಪಕ್ಕೆ ಮುದುರುತ್ತದೆ. ಕೊರಳ ಗುಳಿಯಿಂದ ನೇರ ಕೆಳಗೆ ಒಂದು ತೂಕದ ದಾರ ಬಿಟ್ಟರೆ ಅದು ಭಾರ ಹೊತ್ತ ಪಾದದ ಹತ್ತಿರ ಬೀಳಬೇಕು. ನಿಮ್ಮ ಚಿತ್ರದಲ್ಲಿ ಎರಡು ಪಾದದ ನಡುವೆ ಖಾಲಿ ಜಾಗಕ್ಕೆ ಬೀಳುತ್ತಿದೆ.

ನಮ್ಮ ಹಾಸನ ಜಿಲ್ಲೆಯಲ್ಲಿ ಇದರ ಎರಡು ತುದಿಯೂ ಸಿಗುತ್ತವೆ. ಶ್ರವಣಬೆಳಗೊಳದ ಗೊಮ್ಮಟನನ್ನು ನೋಡಿ. ಕಾಯೋತ್ಸರ್ಗ ಭಂಗಿ. ಎರಡು ಪಾದಕ್ಕೂ ಸಮ ಭಾರ, ಭುಜ ಮಟ್ಟ, ಕೈ ನೇರ ಕೆಳಗೆ. ಅಲ್ಲಿ ಅದೇ ಬೇಕು, ಯಾಕೆಂದರೆ ಅದು ಅಲುಗದೆ ನಿಂತ ತಪಸ್ಸು. ಬೇಲೂರಿನ ಮದನಿಕೆಯರನ್ನು ನೋಡಿ. 1117ರ ಗುಡಿ. ಮದನಿಕೆಯರು ಒಟ್ಟು 42, ಹೊರಗೆ 38, ಒಳಗೆ ನಾಲ್ಕು. ಬಹುತೇಕ ಎಲ್ಲರೂ ಒಂದು ಕಾಲಿಗೆ ಭಾರ ಕೊಟ್ಟು ನಿಂತವರು. ತ್ರಿಭಂಗ ಅಂತಾರಲ್ಲ, ಕತ್ತು, ನಡು, ಮಂಡಿ ಮೂರು ಕಡೆ ಬಾಗು. ಆಭರಣದ ಕೆತ್ತನೆ ಅಷ್ಟು ಸೂಕ್ಷ್ಮ ಇದ್ದರೂ ದೂರದಿಂದ ಮೊದಲು ಕಾಣುವುದು ಆ ಬಾಗು. ನಿಮ್ಮ ಪಾತ್ರ ಕೆಲಸ ಮಾಡುವವಳು. ಆಕೆಗೆ ಬೇಕಾದದ್ದು ಈ ಬಾಗು.

ಟ್ಯಾಬ್_ಗೀಚು (ಹಾಸನ)

ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಶಿಲ್ಪ ನೋಡಿ ಅನಾಟಮಿ ಕಲಿಯಲು ಆಗುವುದಿಲ್ಲ. ಮದನಿಕೆಗೆ ಮಾಂಸಖಂಡ ಎಲ್ಲಿದೆ? ಮಣಿಕಟ್ಟು, ತೋಳು, ಕಣಕಾಲು, ಎಲ್ಲ ಕೀಲುಗಳ ಮೇಲೂ ಬಳೆ, ಕಡಗ, ಗೆಜ್ಜೆ. ಸೊಂಟ ಅಷ್ಟು ಸಣ್ಣ ಯಾರಿಗೂ ಇರುವುದಿಲ್ಲ. ನಲವತ್ತು ವರ್ಷದ ದುಡಿಯುವ ಹೆಂಗಸಿಗೆ ಆ ಮೈಕಟ್ಟು ಹಾಕಿದರೆ ಪಾತ್ರವೇ ಸುಳ್ಳಾಗುತ್ತದೆ. ಮೊದಲು ಅಸ್ಥಿಪಂಜರ, ಆಮೇಲೆ ಮಾಂಸಖಂಡ, ಆಮೇಲೆ ಬಟ್ಟೆ. ಇದೇ ಸರಿಯಾದ ದಾರಿ. ಅಷ್ಟು ಕಲಿಯುವವರೆಗೆ ಪಾತ್ರ ಬರೆಯುವುದು ಬೇಡ.

ಬಳಪದಕಲ್ಲು (ಬೇಲೂರು)

ಅರ್ಧ ಒಪ್ಪುತ್ತೇನೆ. ಸೊಂಟ, ಎದೆ, ಮುಖ ಇವನ್ನು ಅಲ್ಲಿಂದ ತರಬೇಡಿ. ಅದು ಶಿಲ್ಪಶಾಸ್ತ್ರದ ಲೆಕ್ಕಕ್ಕೆ ಕಟ್ಟಿದ ಮೈ. ಅದರಲ್ಲೂ ಒಂದು ಅಳತೆ ನಮಗೆ ನೇರವಾಗಿ ಕೆಲಸಕ್ಕೆ ಬರುತ್ತದೆ. ಒಂದು ತಾಲ ಅಂದರೆ ಕೂದಲಂಚಿನಿಂದ ಗಲ್ಲದವರೆಗಿನ ಮುಖದ ಉದ್ದ, ಅದು 12 ಅಂಗುಲ (ಇಲ್ಲಿ ಅಂಗುಲ ಅಂದರೆ ಇಂಚಲ್ಲ, ಆ ಮುಖದ ಉದ್ದದ ಹನ್ನೆರಡನೇ ಒಂದು ಪಾಲು). ನವತಾಲದ ಮೂರ್ತಿ 108 ಅಂಗುಲ. ಮಣಿಕಟ್ಟಿನಿಂದ ನಡುಬೆರಳ ತುದಿಯವರೆಗೂ ಅದೇ ಒಂದು ತಾಲ. ನಿಮ್ಮ ಅಂಗೈಯನ್ನು ಮುಖದ ಮೇಲೆ ಇಟ್ಟು ನೋಡಿ, ಗಲ್ಲದಿಂದ ಕೂದಲಂಚಿನ ಹತ್ತಿರ ಬರುತ್ತದೆ. ಗಿರಿಜಕ್ಕನ ಕೈ ಆಕೆಯ ಮುಖದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇದೆ, ಅಷ್ಟೇ. ದುಡಿಯುವ ಕೈ ಅಷ್ಟು ಪುಟ್ಟದಾದರೆ ಹೇಗೆ?

ಒಂದು ಎಚ್ಚರ. ಮದನಿಕೆಗಳು ಕಂಬದ ತಲೆಗೂ ಮೇಲಿನ ಸೂರಿಗೂ ನಡುವೆ ಮುಂದಕ್ಕೆ ವಾಲಿಸಿ ಕೂರಿಸಿದ ಶಿಲ್ಪಗಳು. ನಾವು ಕೆಳಗೆ ನಿಂತು ನೋಡುತ್ತೇವೆ. ಮೊಬೈಲಿನಲ್ಲಿ ಹತ್ತಿರ ನಿಂತು ಫೋಟೋ ತೆಗೆದು ಅದರ ಮೇಲೇ ಟ್ರೇಸ್ ಮಾಡಿದರೆ ಅಳತೆ ಎಲ್ಲ ಕೆಡುತ್ತದೆ. ಸ್ವಲ್ಪ ದೂರ ನಿಂತು ಭುಜದ ಗೆರೆ, ಸೊಂಟದ ಗೆರೆ, ಊರಿದ ಪಾದ, ಇಷ್ಟನ್ನೇ ಬರೆದುಕೊಳ್ಳಿ. ಆಭರಣ ಮುಟ್ಟಲೇಬೇಡಿ.

ಇನ್ನು "ಕಲಿಯುವವರೆಗೆ ಪಾತ್ರ ಬೇಡ" ಅನ್ನುವ ಮಾತು. ಇದನ್ನು ನಾನು ಒಪ್ಪುವುದಿಲ್ಲ ಗೆಳೆಯಾ. ಕೈ ಎತ್ತಿದ ಹೆಂಗಸನ್ನು ಬರೆಯುವವರಿಗೆ ಇವತ್ತು ಭುಜ ಗೊತ್ತಾಗಬೇಕು. ಬೆನ್ನಿನ ಎಲ್ಲ ಸ್ನಾಯುಗಳ ಹೆಸರು ಇವತ್ತೇ ಬೇಕಿಲ್ಲ. ಚಿತ್ರ ಏನು ಕೇಳುತ್ತದೋ ಅದನ್ನು ಕಲಿತರೆ ಅದು ಕೈಯಲ್ಲೇ ಉಳಿಯುತ್ತದೆ. ಎಷ್ಟೋ ಮಕ್ಕಳು ಈ "ಮೊದಲು ಪೂರ್ತಿ ಕಲಿ" ಅನ್ನುವ ಮಾತಿಗೇ ಪೆನ್ಸಿಲ್ ಕೆಳಗಿಟ್ಟಿದ್ದಾರೆ.

ಫಿಸಿಯೋ_ಹಾಸನ

ನಾನು ಚಿತ್ರ ಬರೆಯುವವಳಲ್ಲ, ಫಿಸಿಯೋಥೆರಪಿ ಮಾಡುತ್ತೇನೆ. ಭುಜದ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಕೈ ಪೂರ್ತಿ ಮೇಲೆತ್ತಿದರೆ 180 ಡಿಗ್ರಿ ತಿರುಗಿದ ಲೆಕ್ಕ. ಅದರಲ್ಲಿ ಸುಮಾರು 120 ಡಿಗ್ರಿ ಮಾತ್ರ ತೋಳಿನ ಕೀಲಿನಿಂದ ಬರುತ್ತದೆ. ಉಳಿದ 60 ಡಿಗ್ರಿ ಬೆನ್ನ ಮೇಲಿನ ಹೆಗಲ ಹಲಗೆ ತಿರುಗುವುದರಿಂದ ಬರುತ್ತದೆ. ಹೆಗಲ ಹಲಗೆ ತಿರುಗಿದರೆ ಅದಕ್ಕೆ ಅಂಟಿಕೊಂಡ ಕಾಲರ್ ಬೋನ್ ಸುಮ್ಮನಿರುವುದಿಲ್ಲ. ಅದರ ಎದೆಮೂಳೆ ಕಡೆಯ ತುದಿ ಅಲ್ಲೇ ಇರುತ್ತದೆ, ಹೊರ ತುದಿ ಮೇಲೇಳುತ್ತದೆ. ಹಾಗಾಗಿ ಎಡ ಭುಜ ಕಿವಿಯ ಹತ್ತಿರಕ್ಕೆ ಹೋಗಬೇಕು, ಆ ಕಡೆ ಕತ್ತು ಗಿಡ್ಡ ಕಾಣಬೇಕು. ನಿಮ್ಮ ಚಿತ್ರದಲ್ಲಿ ಭುಜ ಇದ್ದಲ್ಲೇ ಇದೆ, ತೋಳನ್ನು ಮಾತ್ರ ಬೊಂಬೆಗೆ ತಿರುಗಿಸಿದ ಹಾಗೆ ಮೇಲಕ್ಕೆ ತಿರುಗಿಸಿದ್ದೀರಿ.

ಸುಲಭವಾಗಿ ಪರೀಕ್ಷೆ ಮಾಡುವ ಒಂದು ದಾರಿ ಇದೆ. ಕೈ ನೆಟ್ಟಗೆ ಮೇಲೆತ್ತಿ ನಿಂತರೆ ಮೊಣಕೈ ಸುಮಾರು ನೆತ್ತಿಯ ಮಟ್ಟಕ್ಕೆ ಬರುತ್ತದೆ. ನಿಮ್ಮದರಲ್ಲಿ ಕಿವಿಯ ಹತ್ತಿರವೇ ಮೊಣಕೈ ಬಂದುಬಿಟ್ಟಿದೆ. ಮೇಲ್ತೋಳು ಗಿಡ್ಡವಾಗಿದೆ.

ಸೊಂಟದ ಚೀಲದ ಬಗ್ಗೆಯೂ ಒಂದು ಮಾತು. ತುಂಬಿದ ಚೀಲ ಹೊಟ್ಟೆಯ ಮುಂದೆ ತೂಗಿದರೆ ಮೇಲ್ಮೈ ಸ್ವಲ್ಪ ಹಿಂದಕ್ಕೆ ವಾಲುತ್ತದೆ, ಸೊಂಟದ ಹಿಂಬದಿಯ ಒಳಬಾಗು ಜಾಸ್ತಿ ಆಗುತ್ತದೆ. ನಮ್ಮಲ್ಲಿಗೆ ಸೊಂಟನೋವು ಅಂತ ಬರುವ ತೋಟದ ಹೆಂಗಸರು ನಿಲ್ಲುವ ರೀತಿಯನ್ನು ನಾನು ದಿನಾ ನೋಡುತ್ತೇನೆ. ನಿಮ್ಮ ಚಿತ್ರದ ಚೀಲ ಖಾಲಿಯೋ ತುಂಬಿದೆಯೋ ಗೊತ್ತಾಗುತ್ತಿಲ್ಲ. ಅದು ಆಕೆಯ ನಡುವಿನಲ್ಲಿ ಗೊತ್ತಾಗಬೇಕು.

ಏಲಕ್ಕಿ (ಸಕಲೇಶಪುರ)

ಮೇಡಂ, ನಿಮ್ಮ ಉತ್ತರ ಓದಿ ಕನ್ನಡಿ ಮುಂದೆ ಕೈ ಎತ್ತಿ ನೋಡಿದೆ. ಕಾಲರ್ ಬೋನ್ ಮೇಲೇಳುವುದು ಬೆರಳಿಟ್ಟರೆ ಸ್ಪಷ್ಟವಾಗಿ ಗೊತ್ತಾಗುತ್ತದೆ! ಎರಡನೇ ಸ್ಕೆಚ್ ಹಾಕುತ್ತಿದ್ದೇನೆ. ಬಟ್ಟೆ ಇಲ್ಲ, ಮುಖ ಇಲ್ಲ. ಭಾರ ಬಲಗಾಲಿಗೆ, ಎಡ ಭುಜ ಮೇಲೆ, ಮೇಲ್ಮೈ ಸ್ವಲ್ಪ ಹಿಂದಕ್ಕೆ.

ಡ್ರಾಯಿಂಗ್ ಮೇಷ್ಟ್ರು (ಅರಸೀಕೆರೆ)

ಈಗ ನಿಂತಳು. ಮೊದಲ ಚಿತ್ರದಲ್ಲಿ ಆಕೆಯನ್ನು ಯಾರೋ ನಿಲ್ಲಿಸಿದ್ದರು.

ಈ ಹಾಳೆಯನ್ನು ಹಿಂದುಮುಂದು ತಿರುಗಿಸಿ ಕಿಟಕಿಯ ಗಾಜಿಗೆ ಹಿಡಿದು ನೋಡು. ಬೆಳಕಿನಲ್ಲಿ ಚಿತ್ರ ಎಡಬಲ ಆಗಿ ಕಾಣುತ್ತದೆ. ಕಣ್ಣಿಗೆ ಒಗ್ಗಿಹೋದ ತಪ್ಪು ಆಗ ಎದ್ದು ಕಾಣುತ್ತದೆ. ನನಗೆ ಕಂಡದ್ದು ಬಲ ಕಣಕಾಲು. ಒಳಗಿನ ಗಂಟು ಮೇಲೆ, ಹೊರಗಿನ ಗಂಟು ಕೆಳಗೆ ಇರಬೇಕು. ನೀನು ಎರಡನ್ನೂ ಒಂದೇ ಮಟ್ಟಕ್ಕೆ ಇಟ್ಟಿದ್ದೀಯ. ಮೀನಖಂಡವೂ ಹಾಗೇ, ಹೊರಗಿನ ಉಬ್ಬು ಮೇಲೆ, ಒಳಗಿನದು ಕೆಳಗೆ. ಸೀರೆ ಎತ್ತಿ ಕಟ್ಟಿರುವುದರಿಂದ ಇದು ಕಾಣುವ ಜಾಗ. ಬಿಡಬೇಡ.

ಟ್ಯಾಬ್_ಗೀಚು (ಹಾಸನ)

ಎರಡನೇ ಸ್ಕೆಚ್ ನಿಜವಾಗಿ ಚೆನ್ನಾಗಿದೆ. ಅದರ ಮೇಲೆ ಕೆಂಪು ಗೆರೆಯಲ್ಲಿ ಪಕ್ಕೆಲುಬಿನ ಗೂಡು ಮತ್ತು ಸೊಂಟದ ಮೂಳೆಯನ್ನು ಎರಡು ಡಬ್ಬಿ ಮಾಡಿ ಬರೆದು ಹಾಕಿದ್ದೇನೆ, ನೋಡಿ. ಬಲಗಡೆ ಎರಡು ಡಬ್ಬಿ ಹತ್ತಿರ ಬಂದಿವೆ, ಎಡಗಡೆ ದೂರ ಆಗಿವೆ. ನೀವು ಇನ್ನೂ ಧೈರ್ಯ ಮಾಡಿ ಇದನ್ನು ಜಾಸ್ತಿ ಮಾಡಬಹುದು. ಇಂಕ್ ಮಾಡುವಾಗ ಬಾಗು ತಾನಾಗಿ ಸ್ವಲ್ಪ ಕಡಿಮೆ ಆಗಿಬಿಡುತ್ತದೆ, ಅದಕ್ಕೆ ಪೆನ್ಸಿಲ್ಲಿನಲ್ಲಿ ಒಂದು ಗುಂಜಿ ಹೆಚ್ಚೇ ಇರಲಿ.

ಮೂಡಿಗೆರೆ_ತೋಟ

ಮೈಕಟ್ಟಿನ ಮಾತು ತಿಳಿದವರು ಹೇಳಿದ್ದಾರೆ. ಗಿಡದ ಮಾತು ನಾನು ಹೇಳುತ್ತೇನೆ, ಯಾಕೆಂದರೆ ಈ ಚಿತ್ರದ ಗಿಡ ಕಾಫಿ ಅಲ್ಲ.

ಕಾಫಿ ಎಲೆ ಜೋಡಿ ಜೋಡಿ ಬರುತ್ತದೆ, ಎದುರುಬದುರು. ಅಂಚು ಸ್ವಲ್ಪ ಅಲೆ ಅಲೆ. ಎಲೆ ಜೋಡಿ ಹುಟ್ಟುವ ಗಿಣ್ಣಿನಲ್ಲೇ ಹಣ್ಣಿನ ಗೊಂಚಲು, ರೆಂಬೆಗೆ ಅಂಟಿಕೊಂಡ ಹಾಗೆ. ನೀವು ದ್ರಾಕ್ಷಿ ಹಾಗೆ ತುದಿಯಿಂದ ಇಳಿಬಿಟ್ಟಿದ್ದೀರಿ. ರೊಬಸ್ಟಾ ಆದರೆ ಎಲೆ ಇನ್ನೂ ಅಗಲ. ಅರೇಬಿಕಾ ಕೊಯ್ಲು ಅಂದರೆ ನವೆಂಬರ್, ಡಿಸೆಂಬರ್, ಜನವರಿ. ಬೆಳಗಿನ ಚಳಿ ಇರುತ್ತದೆ, ಅಂಗಿ ತೋಳು ಮಡಿಚಿರುವುದಿಲ್ಲ. ಮಂಜಿಗೆ ಎಲೆ ಒದ್ದೆ ಇರುತ್ತದೆ, ತೋಳು ತೊಯ್ದು ಮುಂಗೈಗೆ ಅಂಟಿಕೊಂಡಿರುತ್ತದೆ. ಇದು ನಿಮಗೆ ಅನುಕೂಲ ಅಲ್ವಾ? ಅಂಗಿಯ ಒಳಗಿನ ತೋಳಿನ ಆಕಾರ ಹಾಗೇ ಕಾಣುತ್ತದೆ.

ಬಲಗೈ ನೋಡಿ. ಹಣ್ಣನ್ನು ಮುಷ್ಟಿಯಲ್ಲಿ ಹಿಡಿದು ಎಳೆದ ಹಾಗಿದೆ. ಹಾಗೆ ಎಳೆದರೆ ಕಾಯಿಯೂ ಬರುತ್ತದೆ, ಗಿಣ್ಣೂ ಕಿತ್ತು ಬರುತ್ತದೆ. ಕೆಲಸ ಗೊತ್ತಿರುವವರು ಹಣ್ಣಾದದ್ದನ್ನು ಮಾತ್ರ ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ಸ್ವಲ್ಪ ತಿರುಚಿ ಬಿಡಿಸುತ್ತಾರೆ. ಉಳಿದ ಬೆರಳು ಅಂಗೈ ಕಡೆ ಮಡಿದು, ಬಿಡಿಸಿದ ಹಣ್ಣನ್ನು ಹಿಡಿದಿರುತ್ತವೆ.

ಒಂದು ಬೇಡಿಕೆ. ರೆಫರೆನ್ಸ್ ಅಂತ ಕೊಯ್ಲಿನ ಸಮಯದಲ್ಲಿ ಯಾರನ್ನೂ ನಿಲ್ಲಿಸಿ ಪೋಸ್ ಕೊಡಿಸಬೇಡಿ. ಎಷ್ಟೋ ಕಡೆ ಕೂಲಿ ಕೆಜಿ ಲೆಕ್ಕ. ಅವರ ಹೊತ್ತು ಅಂದರೆ ಅವರ ದುಡ್ಡು. ಕೇಳದೆ ಫೋಟೋ ತೆಗೆಯುವುದಂತೂ ಬೇಡವೇ ಬೇಡ. ಮಧ್ಯಾಹ್ನ ಊಟಕ್ಕೆ ಕೂತಾಗ ಹೋಗಿ, ಏನು ಮಾಡುತ್ತಿದ್ದೀರಿ ಅಂತ ಹೇಳಿ. ಅವರೇ ಕೈ ತೋರಿಸುತ್ತಾರೆ.

ಫಿಸಿಯೋ_ಹಾಸನ

ಕೈಯ ಮಾತಿಗೆ ಎರಡು ಸಾಲು ಸೇರಿಸುತ್ತೇನೆ. ನಾಲ್ಕು ಬೆರಳಿನ ಉಗುರು ನೋಡುವ ದಿಕ್ಕು ಒಂದು, ಹೆಬ್ಬೆರಳ ಉಗುರು ನೋಡುವ ದಿಕ್ಕು ಬೇರೆ, ಸುಮಾರು ಅಡ್ಡಕ್ಕೆ. ಬೆರಳ ಗೆಣ್ಣುಗಳು ನೇರ ಗೆರೆಯಲ್ಲಿ ಇರುವುದಿಲ್ಲ, ಬಿಲ್ಲಿನಂತೆ ಬಾಗಿರುತ್ತವೆ, ನಡುಬೆರಳಿನದು ಎಲ್ಲಕ್ಕಿಂತ ಮುಂದೆ. ಮಣಿಕಟ್ಟಿನಲ್ಲಿ ಕಿರುಬೆರಳ ಕಡೆ ಒಂದು ಮೂಳೆಯ ಉಬ್ಬು ಇದೆ. ತುಂಬುತೋಳಿನ ಅಂಗಿಯ ತುದಿ ಅಲ್ಲೇ ಬಂದು ನಿಲ್ಲುತ್ತದೆ.

ನಿಬ್ಬು_ಮಸಿ (ಚಿಕ್ಕಮಗಳೂರು)

ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ಈಗ ಇಂಕಿನ ಮಾತಿಗೆ ಬರುತ್ತೇನೆ. ಏಲಕ್ಕಿ, ನಿಮ್ಮ ಮೊದಲ ಚಿತ್ರದಲ್ಲಿ ಇಡೀ ಅಂಗಿಗೆ ಒಂದೇ ಥರದ ಮಡಿಕೆ ಇದೆ. ಮೈ ಒಳಗೆ ಏನು ಮಾಡುತ್ತಿದೆ ಅಂತ ಗೊತ್ತಿಲ್ಲದಾಗ ಮಡಿಕೆ ಎಲ್ಲ ಕಡೆಯೂ ಹಾಗೇ ಬರುತ್ತದೆ. ಈಗ ನಿಮಗೆ ಗೊತ್ತಾಗಿದೆ. ಎಡ ಪಕ್ಕೆ ಬಿಚ್ಚಿಕೊಂಡಿದೆ ಅಂದರೆ ಅಲ್ಲಿ ಅಂಗಿ ಎಳೆದುಕೊಂಡಿರುತ್ತದೆ. ಕಂಕುಳಿನಿಂದ ಹೊರಟು ಚೀಲದ ಕಟ್ಟಿನ ಕಡೆಗೆ ಎರಡು ಮೂರು ಉದ್ದ ಗೆರೆ ಸಾಕು. ಬಲ ಪಕ್ಕೆ ಮುದುರಿದೆ, ಅಲ್ಲಿ ಕಟ್ಟಿನ ಮೇಲೆ ಗಿಡ್ಡ ಮಡಿಕೆಗಳು ಒಂದರ ಮೇಲೊಂದು ಕೂರುತ್ತವೆ. ಅಂಗಿಯ ಎಡ ಅಂಚು ಮೇಲೆದ್ದು ಒಳಗಿನ ಸೀರೆ ಸ್ವಲ್ಪ ಕಾಣುತ್ತದೆ. ಬೆನ್ನು ಮತ್ತು ಎದೆಯ ಮೇಲೆ ಏನೂ ಬೇಡ, ಬಿಳಿ ಬಿಡಿ. ಡೀಟೇಲ್ ಬೇಕಾದದ್ದು ಮುಖ, ಎರಡು ಕೈ, ಆ ಬಲ ಪಕ್ಕೆಯ ಮಡಿಕೆ. ಇಷ್ಟೇ.

ಹೆಬ್ಬಾರರನ್ನು ನೆನಪು ಮಾಡಿಕೊಳ್ಳಿ. ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರ್. ನರ್ತಕರನ್ನು ಬರೀ ಕೆಲವೇ ಗೆರೆಯಲ್ಲಿ ತಂದವರು. ಲಯ ಅರಿಯಬೇಕು ಅಂತ ಸ್ವತಃ ಕಥಕ್ ಕಲಿತರು. ಆ ಗೆರೆಗಳಲ್ಲಿ ಮಡಿಕೆ ಇಲ್ಲ, ಶೇಡಿಂಗ್ ಇಲ್ಲ. ಆದರೂ ಭಾರ ಎಲ್ಲಿದೆ ಅಂತ ತಿಳಿಯುತ್ತದೆ.

ಗೆರೆಯ ದಪ್ಪದ ವಿಷಯ. ನಿಮ್ಮದೆಲ್ಲ ಒಂದೇ ದಪ್ಪ. ಊರಿದ ಬಲಪಾದದ ಕೆಳಗೆ, ಚೀಲದ ಅಡಿಯಲ್ಲಿ, ಗಲ್ಲದ ಕೆಳಗೆ, ಹೀಗೆ ಭಾರ ಮತ್ತು ನೆರಳು ಇರುವ ಕಡೆ 0.8 ಮಿ.ಮೀ. ಪೆನ್ನು. ಹೊರಗಿನ ಸಾಮಾನ್ಯ ಗೆರೆಗೆ 0.5. ಮುಖ, ಬೆರಳಿಗೆ 0.3. ಉಗುರು, ಮುಂಗೈ ನರ, ಕಣ್ಣಿನ ಬದಿಯ ಸುಕ್ಕು, ಇವಕ್ಕೆ ಮಾತ್ರ 0.1. ಒಂದು ಗೆರೆ ಇನ್ನೊಂದರ ಹಿಂದೆ ಹೋಗುವ ಕಡೆ, ಹಿಂದಿನದನ್ನು ಮುಟ್ಟುವ ಮೊದಲೇ ಕೂದಲೆಳೆಯಷ್ಟು ಜಾಗ ಬಿಟ್ಟು ನಿಲ್ಲಿಸಿ. ಯಾವುದು ಮುಂದೆ ಅಂತ ತಕ್ಷಣ ಗೊತ್ತಾಗುತ್ತದೆ. ಈಗ ರೆಂಬೆಯ ಅಂಚು ಆಕೆಯ ಕೆನ್ನೆಯ ಅಂಚಿಗೆ ಸರಿಯಾಗಿ ತಾಗಿಕೊಂಡು ಹೋಗಿದೆ. ಅಲ್ಲಿ ರೆಂಬೆ ಹಿಂದಿದೆಯೋ ಮುಂದಿದೆಯೋ ಹೇಳಲು ಆಗುವುದಿಲ್ಲ. ಒಂದೋ ಕೆನ್ನೆಯ ಹಿಂದೆ ಹಾಯಿಸಿ, ಇಲ್ಲ ದೂರ ತೆಗೆಯಿರಿ.

ಪುಸ್ತಕದಲ್ಲಿ ಎಷ್ಟು ದೊಡ್ಡದು ಬರುತ್ತದೆ ಅಂತ ಈಗಲೇ ತಿಳಿದುಕೊಳ್ಳಿ. ಅರ್ಧಕ್ಕೆ ಇಳಿಸಿದರೆ 0.1ರ ಗೆರೆ 0.05 ಮಿ.ಮೀ. ಆಗುತ್ತದೆ, ಪ್ರಿಂಟಿನಲ್ಲಿ ಮಾಯ. ಒತ್ತಾಗಿ ಹಾಕಿದ ಗೆರೆಗಳು ಕೂಡಿಕೊಂಡು ಕಪ್ಪು ಕಲೆ ಆಗುತ್ತವೆ. ಜೆರಾಕ್ಸ್ ಹಾಳೆ ಮೇಲೆ ಇಂಕ್ ಮಾಡಿದ್ದೀರಿ ಅಂತ ಕಾಣುತ್ತದೆ, ಅಂಚೆಲ್ಲ ಹರಡಿದೆ. ದಪ್ಪನೆಯ, ನುಣುಪಾದ ಡ್ರಾಯಿಂಗ್ ಶೀಟ್ ತೆಗೆದುಕೊಳ್ಳಿ.

ಏಲಕ್ಕಿ (ಸಕಲೇಶಪುರ)

ಇಷ್ಟು ಸಮಯ ಕೊಟ್ಟಿದ್ದಕ್ಕೆ ಎಲ್ಲರಿಗೂ ಮನಸಾರೆ ಧನ್ಯವಾದ. ತೋಟಕ್ಕೆ ಹೋಗಿ ಊಟದ ಹೊತ್ತಿನಲ್ಲಿ ಕೇಳಿದೆ. ಒಬ್ಬರು ಖುಷಿಯಾಗಿ ಹಣ್ಣು ಬಿಡಿಸಿ ತೋರಿಸಿದರು. ಅವರ ತೋರುಬೆರಳಿನ ಬದಿ ಹಣ್ಣಿನ ರಸಕ್ಕೆ ಕಪ್ಪಾಗಿತ್ತು, ಉಗುರಿನ ಸಂದಿಯೂ ಕಪ್ಪು. ಅದನ್ನು 0.1ರಲ್ಲಿ ಸಣ್ಣ ಗೆರೆಗಳಾಗಿ ಹಾಕಿದ್ದೇನೆ.

ಮೂರನೇ ಚಿತ್ರ ಇಲ್ಲಿದೆ, ಇಂಕ್ ಮಾಡಿದ್ದು. ಅಂಗಿಯ ಮೇಲಿನ ಗೆರೆ ಬಹಳ ಕಡಿಮೆ ಆಗಿವೆ. ಹಿಂದಿನ ಎಲೆಗಳಲ್ಲಿ ಆಕೆ ಹಿಡಿದ ರೆಂಬೆಯದು ಬಿಟ್ಟು ಉಳಿದದ್ದು ತೆಗೆದೆ.

ಒಂದು ಅನುಮಾನ ಉಳಿದಿದೆ. ಮುಖದಲ್ಲಿ ವಯಸ್ಸು ಕಾಣಲಿ ಅಂತ ಸುಕ್ಕು ಹಾಕಿದರೆ ಆಕೆ ಅರವತ್ತರ ಅಜ್ಜಿ ಆಗುತ್ತಾಳೆ. ತೆಗೆದರೆ ಇಪ್ಪತ್ತರ ಹುಡುಗಿ.

ಬಳಪದಕಲ್ಲು (ಬೇಲೂರು)

ವಯಸ್ಸನ್ನು ಮುಖದ ಮೇಲೆ ಹುಡುಕಬೇಡಿ. ಕತ್ತು, ಮುಂಗೈ, ಹಿಮ್ಮಡಿ ನೋಡಿ. ಕತ್ತಿನ ಎರಡು ಬದಿಯ ನರದ ಗೆರೆ, ಕೈಯ ಗೆಣ್ಣು ಸ್ವಲ್ಪ ದಪ್ಪ, ಬಿರಿದ ಹಿಮ್ಮಡಿ. ಮುಖದಲ್ಲಿ ಮೂಗಿನ ಬದಿಯಿಂದ ಬಾಯಿಯ ಕಡೆ ಒಂದು ಅರ್ಧ ಗೆರೆ, ಅದೂ ತುದಿ ಮುಟ್ಟದ ಹಾಗೆ. ಮೇಲೆ ನೋಡುತ್ತಿರುವುದರಿಂದ ಹಣೆಯಲ್ಲಿ ಒಂದು ಗೆರೆ ಇರಲಿ. ಅಷ್ಟರಲ್ಲಿ ನಲವತ್ತು ಬರುತ್ತದೆ.

ಟ್ಯಾಬ್_ಗೀಚು (ಹಾಸನ)

ಬೇಲೂರಿನವರ ಮಾತಿಗೆ ಈ ಸಲ ನನ್ನದೂ ಒಂದು ಓಟು. ಕಳೆದ ಭಾನುವಾರ ಗುಡಿಗೆ ಹೋಗಿ ಅವರು ಹೇಳಿದ ಹಾಗೆ ಬರೀ ಭುಜ, ಸೊಂಟ, ಪಾದದ ಗೆರೆ ಬರೆದುಕೊಂಡು ಬಂದೆ. ಅಸ್ಥಿಪಂಜರ ಬೇಕು ಅನ್ನುವ ಮಾತನ್ನು ನಾನು ಬಿಡುವುದಿಲ್ಲ, ಆದರೆ ಇದೂ ಬೇಕು. ಏಲಕ್ಕಿ, ಎಡಗೈ ಹಿಡಿತ ಒಮ್ಮೆ ನೋಡಿ. ರೆಂಬೆ ಬಗ್ಗಬೇಕಾದರೆ ಕೈ ಹಿಡಿದ ಕಡೆ ಅದು ಕೆಳಕ್ಕೆ ಬಾಗಬೇಕು. ನಿಮ್ಮ ರೆಂಬೆ ಇನ್ನೂ ನೇರ ಇದೆ. ಎಳೆತ ಕೈಯಲ್ಲಿದೆ, ಗಿಡದಲ್ಲಿ ಇಲ್ಲ.

ಮೂಡಿಗೆರೆ_ತೋಟ

ಹೌದು, ಅದು ನನಗೂ ಕಂಡಿತ್ತು. ಹಣ್ಣು ತುಂಬಿದ ರೆಂಬೆ ಮೊದಲೇ ಜೋತಿರುತ್ತದೆ, ಎಳೆದರೆ ಬಿಲ್ಲಿನ ಹಾಗೆ ಬಾಗುತ್ತದೆ. ಉಳಿದಂತೆ ಇದು ಈಗ ನಮ್ಮ ತೋಟದ ಚಿತ್ರ. ಬಿಡಿಸುವ ಕೈ ನೋಡಿ ಬಹಳ ಸಂತೋಷ ಆಯಿತು.

ಡ್ರಾಯಿಂಗ್ ಮೇಷ್ಟ್ರು (ಅರಸೀಕೆರೆ)

ರೆಂಬೆ ಬಾಗಿಸು, ಹೆಬ್ಬೆರಳ ಉಗುರಿನ ದಿಕ್ಕು ಒಂದಿಷ್ಟು ತಿರುಗಿಸು. ಇದನ್ನು ಮತ್ತೆ ಮತ್ತೆ ಇಂಕ್ ಮಾಡುತ್ತಾ ಕೂರಬೇಡ, ಮುಂದಿನ ಪುಟಕ್ಕೆ ಹೋಗು. ಅಲ್ಲಿ ಗಿರಿಜಕ್ಕ ಚೀಲ ಸುರಿದು ತೂಕ ಮಾಡಿಸುತ್ತಾಳೆ ಅಂದಿದ್ದೆಯಲ್ಲ? ಬಗ್ಗಿದ ಬೆನ್ನು ಬರುತ್ತದೆ. ಪೆನ್ಸಿಲ್ ಸ್ಕೆಚ್ ಆದ ಕೂಡಲೇ, ಬಟ್ಟೆ ಹಾಕುವ ಮೊದಲೇ, ಇಲ್ಲಿ ತೋರಿಸಮ್ಮ.